ಫೆಬ್ರವರಿ ಮೂವತ್ತಕ್ಕೆ ನೀರಿಲ್ಲ

ತೇಲೂರು, ಅಘನಾಶಿನಿ ಅಳಿವೆ
೩೦ ಫೆಬ್ರವರಿ ೨೩೧೪

ನಮ್ಮ ಹಂಚುಬರಹವನ್ನು ಮೊದಲು ಬರೆದ ಹಿರಿಯರಿಗೆ ಹೊನ್ನಪ್ಪ ಅಂಬಿಗನ ನಮಸ್ಕಾರ.

ದಿನಾಂಕ ನೋಡಿ ನಕ್ಕಿರಬೇಕು. ನಮ್ಮಲ್ಲಿ ಈ ದಿನ ನಿಜಕ್ಕೂ ಬರುತ್ತದೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಎಂಟನೆಯ ತರಗತಿಯಿಂದ ಎದ್ದು ಬಂದವನು. ಕಾಗದ ಬರೆಯುವ ಪಾಠ ಒಂಬತ್ತರಲ್ಲಿತ್ತಂತೆ.

ಹಂಚುಬರಹ ಎಂದರೆ ಯಾರೋ ಸಂಬಳವಿಲ್ಲದೆ ಬರೆದ, ಎಲ್ಲರೂ ಬಳಸುವ, ಯಾರು ಬೇಕಾದರೂ ತಿದ್ದಬಹುದಾದ ಯಂತ್ರದ ಆಜ್ಞೆಗಳು. ನಮ್ಮ ತೇಲುವ ಊರಿನ ಕದ, ದೀಪ, ನಲ್ಲಿ ಎಲ್ಲವೂ ಅದರಿಂದಲೇ ನಡೆಯುತ್ತವೆ. ಅದರಲ್ಲೊಂದು ಹುಳುಕಿದೆ. ಪಂಚಾಂಗದ ಭಾಗ ಫೆಬ್ರವರಿಗೆ ಮೂವತ್ತು ದಿನ ಕೊಡುತ್ತದೆ. ನಲ್ಲಿಯ ಭಾಗ ಅಂಥ ದಿನವೇ ಇಲ್ಲವೆಂದು ನೀರು ಬಿಡುವುದಿಲ್ಲ. ಆದ್ದರಿಂದ ಇದು ನಮಗೆ ಒಣಹಬ್ಬ. ಯಾರೂ ಸ್ನಾನ ಮಾಡುವುದಿಲ್ಲ, ಒಣ ಅವಲಕ್ಕಿ ತಿನ್ನುತ್ತೇವೆ, ಹೊಸ ಮದುಮಗಳಿಗೆ ತವರಿನಿಂದ ಖಾಲಿ ಕೊಡ ಬರುತ್ತದೆ.

ಸರಿಮಾಡಬಾರದೇ ಎಂದು ಕೇಳುತ್ತೀರಿ. ಚಾವಡಿಯ ಕಲ್ಲಿನಲ್ಲಿ ಊರಿನ ನಿಯಮ ಕೆತ್ತಿದೆ: ಕಂಡವರೇ ಸರಿಮಾಡಿ. ಕಂಡವನು ಕೆಲಸ ಮುಗಿಯುವ ತನಕ ಊರು ಬಿಡುವಂತಿಲ್ಲ. ಹಾಗಾಗಿ ನಮ್ಮಲ್ಲಿ ಯಾರಿಗೂ ಏನೂ ಕಾಣುವುದಿಲ್ಲ. ಕದ ಹಣೆಗೆ ಬಡಿದರೆ ನಾನೇ ಬಗ್ಗಲಿಲ್ಲ ಎನ್ನುತ್ತಾರೆ. ನನ್ನ ದೊಡ್ಡಮ್ಮನ ಮನೆಯ ಬಾಗಿಲು ಕೆಮ್ಮಿದರೆ ಮಾತ್ರ ತೆರೆಯುತ್ತದೆ. ನೆಂಟರೆಲ್ಲ ಮರ್ಯಾದೆಯಿಂದ ಕೆಮ್ಮಿಕೊಂಡೇ ಬರುತ್ತಾರೆ.

ಹೋದ ವರ್ಷ ಖಾಲಿ ಕೊಡಗಳಿಗೆ ಆರತಿ ಎತ್ತುವಾಗ ನಾನು, ಇದು ಹಬ್ಬ ಅಲ್ಲ, ತಪ್ಪು ಎಂದುಬಿಟ್ಟೆ.

"ಬಾಯಿ ಮುಚ್ಚಾ ತಮಾ!" ಎಂದರು ದೊಡ್ಡಮ್ಮ. "ನಿಂಗೆ ಎಂತದೂ ಕಂಡಿಲ್ಲ ಅನ್ನು!"

ಊರಿನ ಅಧ್ಯಕ್ಷರೂ ಕಣ್ಣು ಮಿಟುಕಿಸಿ ಇನ್ನೊಮ್ಮೆ ಕೇಳಿದರು. ಕಂಡಿದೆ ಎಂದೆ. ಮರುದಿನ ನಾನು ವರ್ಷಕ್ಕೊಮ್ಮೆ ಬರುವ ಮಾಸ್ತಮ್ಮನ ದೋಣಿಯಲ್ಲಿ ದೂರದ ದ್ವೀಪಗಳಿಗೆ ಕೆಲಸಕ್ಕೆ ಹೋಗುವವನಿದ್ದೆ. ನಿಂತಲ್ಲಿ ನಿಲ್ಲಲಾಗದ ನನಗೆ ಅದೊಂದೇ ಆಸೆಯಿತ್ತು. ದೋಣಿ ನನ್ನನ್ನು ಬಿಟ್ಟು ಹೋಯಿತು. "ಬರೂ ವರ್ಷ ಬತ್ತೆ. ಆಗ್ಲೂ ಇಲ್ಲೇ ಕುಂತಿದ್ರೆ ಬೇರೆಯವ್ರನ್ನ ಕರ್ಕಂಡು ಹೋತೆ" ಎಂದಳು ಮಾಸ್ತಮ್ಮ.

ಸರಿಮಾಡಲು ಒಬ್ಬ ಕೂತಿದ್ದಾನೆಂದು ತಿಳಿದದ್ದೇ ತಡ, ಊರೆಲ್ಲ ಬಂತು. "ಹ್ಯಾಂಗೂ ಕುಂತಿದ್ಯಲ, ನಮ್ಮನೆ ದೀಪನೂ ಒಂಚೂರು ನೋಡಾ. ನಾನು ಕಂಡದ್ದಲ್ಲ, ಮತ್ತೆ! ನೀನೇ ಕಂಡದ್ದು." ನಿನ್ನೆ ಹೇಳಿದ್ದು ಇನ್ನೂ ಆಗಲಿಲ್ಲವೇ ಎಂದು ಬೈದವರೂ ಉಂಟು. ಊಟ ತಂದವರು ದೊಡ್ಡಮ್ಮ ಮಾತ್ರ.

ಪಂಚಾಂಗದ ಮೂಲ ಹುಡುಕುತ್ತ ಹಂಚುಬರಹದ ಹಳೆಯ ಪದರಗಳಿಗೆ ಇಳಿದಾಗ ಕಳೆದ ವಾರ ಅಲ್ಲಿನ ಟಿಪ್ಪಣಿಗಳಲ್ಲಿ ನೀವು ಸಿಕ್ಕಿದಿರಿ. ಯಾರೋ ನಿಮಗೆ ಬೈದು, ಈಗಲೇ ಸರಿಮಾಡು ಎಂದಿದ್ದರು. ನೀವು ಉತ್ತರಿಸಿದ್ದಿರಿ: "ಕಂಡವರೇ ಸರಿಮಾಡಿ. ನನ್ನ ಮಗುವಿಗೆ ಜ್ವರ." ನಮ್ಮ ಹಿರಿಯರು ಮೊದಲ ವಾಕ್ಯವನ್ನು ಕಲ್ಲಿನಲ್ಲಿ ಕೆತ್ತಿದರು. ಎರಡನೆಯದನ್ನು ಬಿಟ್ಟರು.

ಇಂದು ಮಾಸ್ತಮ್ಮನ ದೋಣಿ ಬಂದಿದೆ. ಚಾವಡಿಯಲ್ಲಿ ನಿಂತು ಹೇಳಿದೆ: ಕೆಲಸ ಅರ್ಧವಾಗಿದೆ. ತಿಳಿದದ್ದನ್ನೂ ತಿಳಿಯದ್ದನ್ನೂ ಬರೆದಿಟ್ಟಿದ್ದೇನೆ. ಕಂಡವನು ನಾನು ನಿಜ, ನೀರು ಕುಡಿಯುವವನು ನಾನೊಬ್ಬನೇ ಅಲ್ಲ, ನಾನು ಹೊರಟೆ. ಅಧ್ಯಕ್ಷರು ಕಲ್ಲು ತೋರಿಸಿದರು. ನಾನು ನಿಮ್ಮ ಎರಡನೆಯ ವಾಕ್ಯವನ್ನು ಓದಿದೆ.

ಗುಂಪಿನ ಹಿಂದಿನಿಂದ ಒಬ್ಬಾಕೆ ಕೇಳಿದರು: "ಆ ಕೂಸಿಗೆ ಜ್ವರ ಬಿಡ್ತಾ?"

ಅದು ಎಲ್ಲೂ ಬರೆದಿಲ್ಲ ಎಂದೆ. ಆಗ ದೊಡ್ಡಮ್ಮ ಆರತಿಗೆ ತಂದ ಖಾಲಿ ಕೊಡ ಕೆಳಗಿಟ್ಟರು. "ನಂಗೂ ಕಂಡದೆ. ಮದಿ ಆಗಿ ಈ ಊರಿಗೆ ಬಂದಾಗಿಂದ ಕಾಣ್ತೇ ಅದೆ. ಎಲ್ಲಿ ಕುಂತ್ಕಣುದು, ತೋರ್ಸು." ಅವರ ಹಿಂದೆ ಇನ್ನೂ ನಾಲ್ಕೈದು ಜನ ಎದ್ದರು, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ. ಅಧ್ಯಕ್ಷರು ಕಲ್ಲಿನ ಕಡೆ ಬೆನ್ನು ಮಾಡಿ, ಹೋಗು ಎಂದು ಕೈ ಮಾಡಿದರು.

ದೋಣಿ ಹೊರಡುತ್ತಿದೆ. ಹಿರಿಯರೇ, ನೀವು ಬರೆದುಕೊಟ್ಟದ್ದಕ್ಕೆ ಋಣಿ. ಬೈದವರ ಮೇಲೆ ನಿಮಗೆ ಸಿಟ್ಟು ಬಂದದ್ದರಲ್ಲಿ ತಪ್ಪಿಲ್ಲ. ಒಂದೇ ಕೋರಿಕೆ. ಈ ಕಾಗದ ಹೇಗಾದರೂ ನಿಮ್ಮ ಕಾಲಕ್ಕೆ ಮುಟ್ಟಿ, ಆ ಉತ್ತರವನ್ನು ನೀವಿನ್ನೂ ಕಳಿಸಿರದಿದ್ದರೆ ಮಗುವಿನ ಜ್ವರವನ್ನು ಮೊದಲು ಬರೆಯಿರಿ. ಕಲ್ಲು ಕೆತ್ತುವವರು ಒಂದೇ ಸಾಲಿಗೆ ಸುಸ್ತಾಗುತ್ತಾರೆ.