ಏಳನೆಯ ಗುಂಡಿ ಮತ್ತು ನನ್ನ ಕಣ್ಣು

ಉಚ್ಚ ನ್ಯಾಯಾಲಯದ ಮಾನ್ಯ ಮುಖ್ಯ ನ್ಯಾಯಮೂರ್ತಿಗಳೇ,

ನನ್ನ ತಮ್ಮನ ಕೊಲೆ ಪ್ರಕರಣ ನಿಮ್ಮ ಅಧೀನ ನ್ಯಾಯಾಲಯದಲ್ಲಿ ಹನ್ನೊಂದು ವರ್ಷಗಳಿಂದ ನಿದ್ದೆ ಹೊಡೆಯುತ್ತಿದೆ. ಅದನ್ನು ಎಬ್ಬಿಸಿ ಎಂದು ಬರೆದ ಮೂರು ಅರ್ಜಿಗಳಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂತು. ಆದ್ದರಿಂದ ನಾಲ್ಕನೆಯದನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ದರ್ಜಿ. ತಮ್ಮ ನನ್ನ ಅಂಗಡಿಯಲ್ಲೇ ಬಟ್ಟೆ ಕತ್ತರಿಸುತ್ತಿದ್ದ. ಹಾಡಹಗಲೇ ಅಂಗಡಿಯ ಹಿಂದಿನ ಓಣಿಯಲ್ಲಿ ಅವನನ್ನು ಹೊಡೆದು ಕೊಂದರು. ಅವನ ಮುಷ್ಟಿಯಲ್ಲಿ ಒಂದು ಗುಂಡಿ ಸಿಕ್ಕಿತು, ಅದರ ತೂತುಗಳಲ್ಲಿ ಬೂದು ದಾರವಿತ್ತು. ಆರೋಪಿಯ ಅಂಗಿಯಲ್ಲಿ ಆರು ಗುಂಡಿಗಳಿದ್ದವು, ಏಳನೆಯದು ಕಿತ್ತುಹೋಗಿತ್ತು. ಆ ಅಂಗಿ ಹೊಲಿದವನು ನಾನೇ. ಗುಂಡಿಯ ದಾರವನ್ನು ಅಡ್ಡಡ್ಡ ದಾಟಿಸಿ, ಬುಡಕ್ಕೆ ಮೂರು ಸುತ್ತು ಹಾಕಿ, ಗಂಟನ್ನು ಪದರಗಳ ನಡುವೆ ಅಡಗಿಸುವುದು ಅಪ್ಪ ಕಲಿಸಿದ ಕೆಲಸ. ಈ ಊರಿನಲ್ಲಿ ಬೇರೆ ಯಾರೂ ಹಾಗೆ ಹೊಲಿಯುವುದಿಲ್ಲ. ಅದನ್ನು ಗುರುತಿಸುವುದಷ್ಟೇ ನನ್ನ ಸಾಕ್ಷಿ, ಹತ್ತು ನಿಮಿಷದ ಮಾತು.

ಆ ಹತ್ತು ನಿಮಿಷಕ್ಕಾಗಿ ಮೂವತ್ತೆಂಟು ಬಾರಿ ಅಂಗಡಿ ಮುಚ್ಚಿ ಬಂದು ನಿಮ್ಮ ಬೆಂಚು ಸವೆಸಿದ್ದೇನೆ. ಒಮ್ಮೆ ವಕೀಲರಿಗೆ ಬೆನ್ನುನೋವು, ಒಮ್ಮೆ ಬೆರಳಚ್ಚುಗಾರರಿಗೆ ರಜೆ, ಒಮ್ಮೆ ಕಡತವೇ ನಾಪತ್ತೆ. ಕಡೆಗೆ ಕಳೆದ ತಿಂಗಳು ಕಟಕಟೆಗೆ ಕರೆದು ಸಾಕ್ಷ್ಯದ ಪೊಟ್ಟಣ ಬಿಚ್ಚಿದರೆ, ಅಂಗಿಯಲ್ಲಿ ಏಳೂ ಗುಂಡಿಗಳಿದ್ದವು. ಏಳನೆಯದನ್ನು ಯಾರೋ ಕಪ್ಪು ದಾರದಲ್ಲಿ ಹೊಲಿದಿದ್ದರು.

ಸಾಕ್ಷ್ಯವಸ್ತುಗಳ ಕೋಣೆಯ ಗುಮಾಸ್ತರು ಕೈಕಟ್ಟಿ ನಿಂತು ಒಪ್ಪಿಕೊಂಡರು. “ಗುಂಡಿ ಇಟ್ಟಿದ್ದ ಕವರು ಹರಿದುಹೋಗಿತ್ತು ಸಾರ್. ಗುಂಡಿ ಕಳೆದುಹೋದ್ರೆ ನನ್ನ ತಲೆಗೇ ಬರುತ್ತಲ್ಲ ಅಂತ, ಅಂಗೀಲಿ ಅದರ ಜಾಗಕ್ಕೇ ಹೊಲಿದಿಟ್ಟೆ.”

ಹನ್ನೊಂದು ವರ್ಷಗಳಲ್ಲಿ ನಿಮ್ಮ ವ್ಯವಸ್ಥೆ ಪೂರ್ತಿ ಮಾಡಿದ ಕೆಲಸ ಇದೊಂದೇ, ಅದೂ ಕೊಲೆ ಆರೋಪಿಯ ಅಂಗಿ ರಿಪೇರಿ. ಎಲ್ಲ ಗುಂಡಿಗಳೂ ಇರುವಾಗ ಕಿತ್ತುಹೋದದ್ದು ಯಾವುದು ಎಂದು ಆರೋಪಿಯ ವಕೀಲರು ಕೇಳಿದರು. ಕಪ್ಪು ದಾರದ ಅಡಿಯಲ್ಲಿ ನನ್ನ ಬೂದು ದಾರದ ತುಣುಕು ಇನ್ನೂ ಇದೆ, ಈಗಲೇ ತೋರಿಸುತ್ತೇನೆ ಎಂದೆ. ಕೇಳಿದ್ದಕ್ಕಷ್ಟೇ ಉತ್ತರಿಸು ಎಂದು ಆ ವಕೀಲರೇ ಗದರಿದರು. ಪ್ರಶ್ನೆ ಬಹಳ ಗಹನವಾದದ್ದಲ್ಲವೇ? ಅದನ್ನು ಚಿಂತಿಸಲು ನ್ಯಾಯಾಧೀಶರು ಐದು ತಿಂಗಳ ಮುಂದಿನ ದಿನಾಂಕ ಕೊಟ್ಟು ಊಟಕ್ಕೆ ಎದ್ದರು.

ನನ್ನ ಕಣ್ಣಿನ ನರ ಸೊರಗುತ್ತಿದೆ. ದಾರ ಗುರುತಿಸುವಷ್ಟು ದೃಷ್ಟಿ ಇನ್ನು ಮೂರು ತಿಂಗಳು ಉಳಿದರೆ ಹೆಚ್ಚು ಎಂದು ವೈದ್ಯರು ಬರೆದುಕೊಟ್ಟಿದ್ದಾರೆ. ಆ ಚೀಟಿಯನ್ನು ನಾನೇ ಪೆದ್ದನ ಹಾಗೆ ಮೂರನೆಯ ಅರ್ಜಿಗೆ ಲಗತ್ತಿಸಿದೆ. ಅದನ್ನು ಶ್ರದ್ಧೆಯಿಂದ ಓದಿದವರು ಆರೋಪಿಯ ವಕೀಲರೊಬ್ಬರೇ. ನ್ಯಾಯದೇವತೆಯ ಕಣ್ಣಿಗೆ ಬಟ್ಟೆ ಕಟ್ಟಿರುತ್ತಾರಂತೆ, ಇರಲಿ, ಅದನ್ನು ಹೊಲಿದವನು ನಾನಲ್ಲ. ಸಾಕ್ಷಿಯೂ ಕುರುಡಾಗುವವರೆಗೆ ಕಾಯಬೇಕೆಂದು ನಿಮ್ಮ ಯಾವ ಪುಸ್ತಕದಲ್ಲಿದೆ?

ಅಮ್ಮ ಈಗೀಗ ಕೇಸಿನ ಸುದ್ದಿ ಕೇಳುವುದಿಲ್ಲ. ದಿನಾ ಬೆಳಿಗ್ಗೆ ಸೂಜಿ, ದಾರ ಕೈಗೆ ಕೊಟ್ಟು, “ಪೋಣಿಸಪ್ಪ, ನೋಡೋಣ” ಅನ್ನುತ್ತಾಳೆ. ಮೊದಲ ಸಲಕ್ಕೇ ಹೊಕ್ಕರೆ ಎದ್ದು ಒಳಗೆ ಹೋಗುತ್ತಾಳೆ. ನಿನ್ನೆ ಆರನೆಯ ಸಲಕ್ಕೆ ಹೊಕ್ಕಿತು. ಅವಳು ಹೋಗಲಿಲ್ಲ, ಪಕ್ಕದಲ್ಲೇ ಕೂತುಬಿಟ್ಟಳು.

ನಿಮ್ಮ ಕರುಣೆ ನನಗೆ ಬೇಡ. ಈ ತಿಂಗಳೊಳಗೆ ನನ್ನ ಸಾಕ್ಷ್ಯ ದಾಖಲಾಗಬೇಕು, ಆಮೇಲೆ ತೀರ್ಪಿನವರೆಗೆ ವಿಚಾರಣೆ ದಿನವೂ ನಡೆಯಬೇಕು ಎಂದು ಆದೇಶಿಸಿ. ಇದನ್ನೂ ‘ಪರಿಶೀಲನೆ’ಗೆ ಇಡುವುದಾದರೆ ಉತ್ತರವನ್ನು ದಪ್ಪ ಅಕ್ಷರದಲ್ಲಿ ಬರೆಸಿ.

ಇಂತಿ,
ಇವತ್ತು ಒಂಬತ್ತನೆಯ ಸಲಕ್ಕೆ ದಾರ ಪೋಣಿಸಿದ
ನಿಮ್ಮ ಮೂವತ್ತೆಂಟು ದಿನಾಂಕಗಳ ದರ್ಜಿ