ಸಾಲ್ಯವ್ವನನ್ನು ಎಬ್ಬಿಸಿ ಕೊಡಿ, ಶಾಸಕರೇ

ಮಾನ್ಯ ಶಿಕ್ಷಣಪ್ರೇಮಿ ಶಾಸಕರೇ,

ನಮ್ಮೂರಿಗೆ ಮಂಜೂರಾದ ಪ್ರೌಢಶಾಲೆ ನೀವೇ ಇಟ್ಟ ಅಡಿಗಲ್ಲಿನಿಂದಾಗಿಯೇ ನಿಂತುಹೋಗಿದೆ. ಆ ಕಲ್ಲು ಈಗ ದೇವರಾಗಿದೆ. ದೇವರಿರುವ ಜಾಗದಲ್ಲಿ ಪಾಯ ಅಗೆಯಲು ಬರುವುದಿಲ್ಲವಂತೆ. ಭಾಲ್ಕಿ, ಔರಾದ ನಡುವಿನ ಸಣ್ಣ ಊರಿನ ಹೆಂಗಸೊಬ್ಬಳು ಪತ್ರಿಕೆಯಲ್ಲಿ ನಿಮಗೆ ಪತ್ರ ಬರೆಯುವುದು ಅತಿಯಾಯಿತು ಎನಿಸಬಹುದು. ನಿಮ್ಮ ಮನೆಬಾಗಿಲಿಗೆ ಬಂದು ಹೇಳಿ ನೋಡಿದೆ, ಆಗಲಿಲ್ಲ. ಅದಕ್ಕೇ ನಾಲ್ಕು ಜನರ ಮುಂದೆ ಹೇಳುತ್ತಿದ್ದೇನೆ.

ಹೋದ ತಿಂಗಳು ಬೀದರಿನ ರಂಗಮಂದಿರದಲ್ಲಿ ನಿಮ್ಮ ಸಾರ್ವಜನಿಕ ಬದುಕಿನ ಬೆಳ್ಳಿಹಬ್ಬ ನಡೆಯಿತು. ನಾನೂ ಬಂದಿದ್ದೆ, ಊರಿಗೊಂದು ಟೆಂಪೋ ಗೊತ್ತು ಮಾಡಿದ್ದಿರಲ್ಲ. ಭಾಲ್ಕಿಯಲ್ಲಿ ಗಣಿತದ ಮಾಸ್ತರರಾಗಿದ್ದವರು ಶಾಸಕರಾಗಿ ಎಷ್ಟು ಶಾಲೆಗಳಿಗೆ ಜೀವ ಕೊಟ್ಟರು ಎಂದು ಗಣ್ಯರೆಲ್ಲ ಹೊಗಳಿದರು. ಪರದೆಯ ಮೇಲೆ ನಿಮ್ಮ ಸಾಧನೆಯ ಚಿತ್ರಗಳು ಬಂದವು. ಅದರಲ್ಲಿ ನಮ್ಮೂರ ಪ್ರೌಢಶಾಲೆಯೂ ಇತ್ತು! ನೀವು ಕಲ್ಲಿನ ಮುಂದೆ ಕಾಯಿ ಒಡೆಯುತ್ತಿರುವ ಚಿತ್ರ. ಜನ ಚಪ್ಪಾಳೆ ತಟ್ಟಿದರು. ನನ್ನ ಕೈಯೂ ತಟ್ಟಿತು, ರೂಢಿ ನೋಡಿ. ಪಕ್ಕದಲ್ಲಿದ್ದ ಟೆಂಪೋದ ಕರೀಮ ಸಾಬ ಕಿವಿಯಲ್ಲಿ ಕೇಳಿದ: "ಚಂದ್ರಭಾಗಕ್ಕಾ, ನಮ್ಮೂರಾಗ ಸಾಲಿ ಯಾವಾಗ ಆತು? ನನಗೊಬ್ಬನಿಗೇ ಕಾಣವಲ್ದೇನು?"

ಕಾಣುವಂತೆ ಮಾಡಲು ನಾವು ಹೆಂಗಸರು ಪಡದ ಪಾಡಿಲ್ಲ. ನೀವು ಮೊದಲ ಸಲ ಗೆದ್ದ ವರ್ಷ ಊರಿನ ಸರಕಾರಿ ಜಾಗದಲ್ಲಿ ಕಲ್ಲು ನೆಟ್ಟಿರಿ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿದವರು ನೀವೇ. ವರ್ಷಗಳು ಹೋದವು, ಶಾಲೆ ಬರಲಿಲ್ಲ. ಸರಕಾರಕ್ಕೆ ಹೇಳುವ ದಾರಿ ನಮಗೆ ಗೊತ್ತಿರಲಿಲ್ಲ, ದೇವರಿಗೆ ಹೇಳುವ ದಾರಿ ಗೊತ್ತಿತ್ತು. ಶುಕ್ರವಾರಕ್ಕೊಮ್ಮೆ ಕಲ್ಲಿಗೆ ನೀರು ಹಾಕಿ, ದೀಪ ಹಚ್ಚಿ, "ಲಗೂನ ಸಾಲಿ ಆಗ್ಲಿ, ಯವ್ವಾ" ಎಂದು ಬೇಡಿಕೊಂಡೆವು. ಎಣ್ಣೆ ಕುಂಕುಮದಡಿ ನಿಮ್ಮ ಹೆಸರು ಮುಚ್ಚಿಹೋಯಿತು. ಯಾರೋ ಸೀರೆ ಉಡಿಸಿದರು, ಯಾರೋ ಬೆಳ್ಳಿಯ ಕಣ್ಣು ಅಂಟಿಸಿದರು. ಕಲ್ಲು ಸಾಲ್ಯವ್ವ ಆಯಿತು. ಪರೀಕ್ಷೆ ಬಂತೆಂದರೆ ಬೇರೆ ಊರುಗಳ ಹತ್ತನೇ ತರಗತಿಯ ಮಕ್ಕಳು ಹಾಲ್ ಟಿಕೆಟ್ ತಂದು ಅವಳ ಪಾದಕ್ಕೆ ಮುಟ್ಟಿಸಿಕೊಂಡು ಹೋಗುತ್ತಾರೆ. ಪಾಸಾದರೆ ಪೇಡೆ ಹಂಚುತ್ತಾರೆ. ನಮ್ಮ ಮಕ್ಕಳ ಪಾಲಿಗೆ ಬರೀ ಪೇಡೆ.

ಅದನ್ನೂ ಬಿಡಿ. ಮೂರನೆಯ ಚುನಾವಣೆಗೆ ಮುಂಚೆ ಶಾಲೆ ಎಲ್ಲಿ ಎಂದು ಕೇಳಿದಾಗ ನೀವು ನಿಮ್ಮ ನಿಧಿಯಿಂದ ಸಾಲ್ಯವ್ವನಿಗೆ ತಗಡಿನ ಮಂಟಪ ಹಾಕಿಸಿಕೊಟ್ಟಿರಿ. ಮಾಸ್ತರರೇ, ನಿಮ್ಮ ಗಣಿತದಲ್ಲಿ ಶಾಲೆ ಕೇಳಿದವರಿಗೆ ಗುಡಿ ಕೊಟ್ಟರೆ ಲೆಕ್ಕ ಸರಿಹೋಗುತ್ತದೆಯೇ?

ಈ ವರ್ಷ ಕೊನೆಗೂ ಕಟ್ಟಡಕ್ಕೆ ಮಂಜೂರಾತಿ ಬಂತು. ಪಾಯ ಅಗೆದರೆ ಸಾಕು, ಜೂನ್‌ನಲ್ಲೇ ಎಂಟನೇ ತರಗತಿಯನ್ನು ಪ್ರಾಥಮಿಕ ಶಾಲೆಯ ಕೋಣೆಯಲ್ಲಿ ಶುರು ಮಾಡುತ್ತೇವೆ ಎಂದು ಶಿಕ್ಷಣ ಇಲಾಖೆಯವರು ಹೇಳಿದರು. ಅಳತೆಗೆ ಬಂದ ಇಂಜಿನಿಯರ್ ಸಾಹೇಬರು ಮಂಟಪ ನೋಡಿ ಟೇಪು ಸುತ್ತಿಟ್ಟರು.

"ಇಲ್ಲಿ ಗುಡಿ ಅದ. ಕಟ್ಟಲಾಕ ಬರಂಗಿಲ್ಲ."

"ಗುಡಿ ಅಲ್ಲರಿ ಸಾಹೇಬ್ರ, ಸಾಲಿದೇ ಕಲ್ಲದು," ಎಂದೆ.

"ಹಂಗಾರ ಗಂಟಿ ಯಾಕ ಕಟ್ಟೀರಿ?"

"ಸಾಲಿಗಿ ಗಂಟಿ ಬೇಕಲ್ಲರಿ," ಎಂದ ಕರೀಮ ಸಾಬ. "ಗಂಟಿ ಮೊದಲ ಬಂದದ, ಸಾಲಿ ಹಿಂದಿಂದ ಬರ್ತದ."

ಸಾಹೇಬರು ನಗಲಿಲ್ಲ. ಊರಲ್ಲಿ ಬೇರೆ ಸರಕಾರಿ ಜಾಗವಿಲ್ಲ. ಈ ತಿಂಗಳೊಳಗೆ ಇದು ಖಾಲಿಯಾಗದಿದ್ದರೆ ಮಂಜೂರಾತಿ ಮತ್ತೊಂದು ಊರಿಗೆ ಎಂದು ಜೀಪು ಹತ್ತಿದರು.

ಪೂಜಾರಿ ಕಾಶೀರಾಮನನ್ನು ಕೇಳಿದರೆ, "ಯಾರು ಕೂಡಿಸ್ಯಾರ ಅವರೇ ಎಬ್ಬಿಸಬೇಕು, ಉಳಿದವರು ಮುಟ್ಟಂಗಿಲ್ಲ" ಎನ್ನುತ್ತಾನೆ. ಊರೂ ಅದನ್ನೇ ಹೇಳುತ್ತದೆ. ಕೂಡಿಸಿದವರು ನೀವು. ಅದಕ್ಕೇ ಭಾಲ್ಕಿಯ ನಿಮ್ಮ ಮನೆಗೆ ಬಂದೆ. "ಅಕ್ಕಾ, ಮಂದಿ ಭಾವನಾ ಅದ. ದೇವರ ವಿಷಯದಾಗ ನಾ ಕೈ ಹಾಕಾಂವಲ್ಲ" ಎಂದು ಚಹಾ ಕುಡಿಸಿ ಕಳಿಸಿದಿರಿ. ಶಾಲೆಯ ವಿಷಯದಲ್ಲಾದರೂ ಕೈ ಹಾಕುವವರು ನೀವಲ್ಲವೇ? ಬೆಳ್ಳಿಹಬ್ಬ ಯಾವುದಕ್ಕಾಗಿ ಆಯಿತು?

ನನ್ನ ಮಗಳು ಶಿವಕಾಂತಾ ನೀವು ಕಲ್ಲು ನೆಟ್ಟ ವರ್ಷವೇ ಏಳನೇ ಪಾಸಾಗಿದ್ದಳು. ಕಾದೆವು, ಕಾದೆವು, ಕೊನೆಗೆ ಊರಲ್ಲೇ ಕೊಟ್ಟು ಮದುವೆ ಮಾಡಿದೆವು. ಈಗ ಅವಳ ಮಗಳು ಪ್ರಣಿತಾ ಏಳನೇ ಪಾಸಾಗಿದ್ದಾಳೆ. ಬಸ್ಸು ಹಿಡಿಯಲು ಹೊಲಗಳ ನಡುವೆ ದೂರ ನಡೆಯಬೇಕು. "ಒಬ್ಬಾಕಿನ್ನ ಹ್ಯಾಂಗ ಕಳಸ್ಲಿ? ಊರಾಗ ಸಾಲಿ ಆದ್ರ ಓದ್ಲಿ, ಇಲ್ಲಾಂದ್ರ ಹೊಲಕ್ಕ ಬರ್ಲಿ" ಎಂದು ಅವಳ ಅಪ್ಪ ಹೇಳಿಬಿಟ್ಟಿದ್ದಾನೆ. ಅವನನ್ನು ಬೈಯಲು ನನಗೆ ಬಾಯಿಲ್ಲ.

ಹೋದ ಮಂಗಳವಾರ ಮಧ್ಯಾಹ್ನ ನಾನೇ ಹಾರೆ ಹಿಡಿದು ಹೋದೆ. ಪ್ರಣಿತಾ ಬೆನ್ನ ಹಿಂದೆ ಬಂದಳು. "ಆಯಿ, ಎಬ್ಬಿಸಿದ್ರ ಪಾಪ ಹತ್ತತದೇನು?" ಎಂದಳು. ನನಗೆ ಗೊತ್ತಿಲ್ಲ ಶಾಸಕರೇ. ಅಷ್ಟು ವರ್ಷ ಬೇಡಿಕೊಂಡ ಮುಖಕ್ಕೆ ಕಬ್ಬಿಣ ತಾಗಿಸಲು ನನ್ನಿಂದ ಆಗಲಿಲ್ಲ. ಕೈಮುಗಿದು ತಿರುಗಿ ಬಂದೆ.

ಈ ತಿಂಗಳೊಳಗೆ ನೀವೇ ಬನ್ನಿ. ಭಾಷಣ ಬೇಡ, ಹಾರ ಬೇಡ. ಮೊದಲ ಹಾರೆ ನೀವು ಹಾಕಿ, ಉಳಿದದ್ದನ್ನು ಊರು ಮಾಡುತ್ತದೆ. ಪಾಪ ಬಂದರೆ ಅದು ನನ್ನ ತಲೆಗೇ ಇರಲಿ ಎಂದು ಎಲ್ಲರೂ ಓದುವಂತೆ ಇಲ್ಲಿ ಬರೆದು ಕೊಡುತ್ತಿದ್ದೇನೆ. ಮತಗಳು ಹೋದರೆ ಅದನ್ನು ಮಾತ್ರ ನೀವು ಹೊರಬೇಕು.

ಇಂತಿ,
ಪ್ರತಿ ಸಲವೂ ನಿಮಗೇ ಮತ ಹಾಕಿದ, ಇನ್ನೇನು ಮಾಡಬೇಕೆಂದು ತಿಳಿಯದ
ಚಂದ್ರಭಾಗಾ