ದೇವಿಯ ಹೂವು ಎಡಕ್ಕೆ ಬಿದ್ದ ಮೇಲೆ

ಪ್ರೀತಿಯ ಅಕ್ಕಾ,

ಇವತ್ತು ಸಂಕಷ್ಟಿ. ಅಂಗಳ ಗುಡಿಸಿ, ತುಳಸಿಗೆ ನೀರೆರೆದು, ದನಕ್ಕೆ ಹುಲ್ಲು ಹಾಕಿ ಕೂತಿದ್ದೇನೆ. ಹೊಟ್ಟೆ ಖಾಲಿ, ತಲೆ ತುಂಬ ಸಿಟ್ಟು.

ಕಣ್ಣು ಮುಚ್ಚುವ ಮುಂಚೆ ನೀನು ಮಗಳ ಕೈಯನ್ನು ನನ್ನ ಕೈಯಲ್ಲಿಟ್ಟಿದ್ದೆ, ನೆನಪಿದೆಯಾ? ನಿನ್ನ ಶೈಲಾ ಈಗ ನರ್ಸು. ಕುವೈತಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಳು. ವಿಚಾರಣೆಗೆಂದು ಒಬ್ಬ ಪೊಲೀಸ್ ಅಮದಳ್ಳಿಯ ನಮ್ಮ ಮನೆಗೆ ಬಂದ. ನಾನೇ ಬೆಲ್ಲ, ನೀರು ಕೊಟ್ಟೆ. ಒಂದು ಸಹಿ ಬಾಕಿ ಎಂದು ಅವಳನ್ನು ಠಾಣೆಗೆ ಕರೆಸಿ, ಕೋಣೆಯ ಬಾಗಿಲು ಮುಂದೆ ಮಾಡಿ ಸೊಂಟಕ್ಕೆ ಕೈ ಹಾಕಿದನಂತೆ. "ಒಂದು ದಿನ ಗೋವೆಗೆ ಹೋಗ್ವಾ. ಇಲ್ಲಾಂದ್ರೆ ನಿನ್ನ ಮೇಲೆ ಎಂತಾ ಬರೀಬೇಕು ಅಂತ ನಂಗೊತ್ತು." ಕೊಡವಿಕೊಂಡು ಓಡಿದಳು. ಬಸ್‌ಸ್ಟಾಪಿನಲ್ಲಿ ನಡುಗುತ್ತಿದ್ದವಳನ್ನು ಮನೆಗೆ ಕರೆತಂದವನು ನಮ್ಮ ಅಣ್ಣ. ಆ ಸಂಜೆ ಬಾವಿಕಟ್ಟೆಯಲ್ಲಿ ಅವಳು ಸೊಂಟಕ್ಕೆ ಸೋಪು ತಿಕ್ಕಿದ್ದನ್ನು ನೀನು... ಬೇಡ, ನೋಡದಿದ್ದದ್ದೇ ಒಳ್ಳೆಯದು.

ಮರುದಿನ ಅಣ್ಣ ದೂರು ಕೊಡಲು ಹೊರಡುತ್ತಾನೆ ಅಂದುಕೊಂಡೆ. ಅವನು ದೇವಸ್ಥಾನಕ್ಕೆ ಹೊರಟ, ನಾನೂ ಹಿಂದೆಯೇ ಹೋದೆ. ಬಾವಿ ತೋಡಲೂ, ಮದುವೆ ಮಾತಿಗೂ ದೇವಿಯ ಹೂವಿನ ಪ್ರಸಾದ ಕೇಳುವವರಲ್ಲವೇ ನಾವು? ಮೂರ್ತಿಗೆ ಅಂಟಿಸಿದ ಹೂವು ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ. ಪೂಜೆ ಮಾಡುವ ಗುನಗರು ದೂರು ಕೊಡಬಹುದೇ ಎಂದು ದೇವಿಯನ್ನು ಕೇಳಿದರು. ಹೂವು ಎಡಕ್ಕೆ ಬಿತ್ತು. ಅಣ್ಣನ ಮುಖ ಅರಳಿತು!

"ಆಯ್ತಲಾ ತಂಗೀ, ದೇವಿನೇ ಬೇಡ ಅಂದ್ಲು. ಠಾಣೆಲಿ ದೂರು ಬರ್ಕಳ್ಳೋರು ಯಾರು? ಅವನ ಜೊತೆ ಚಾ ಕುಡಿಯೋರೇ. ಊರು ಹೇಳೋದು ಹುಡುಗಿ ಹೆಸ್ರು, ಅವಂದಲ್ಲ."

"ಅವ ಕೈ ಹಾಕುಕೆ ಮುಂಚೆ ಯಾವ ದೇವಸ್ಥಾನದಲ್ಲಿ ಪ್ರಸಾದ ಕೇಳಿದ್ನೋ ಅಣ್ಣ?"

ಗುನಗರು ಕೆಮ್ಮಿ ನಗು ನುಂಗಿದರು.

ನಾನು ದೇವಿಯನ್ನು ನಂಬುವವಳು, ನಿನಗೆ ಗೊತ್ತು. ಆದರೆ ಹೆದರಿಕೆ ನಮ್ಮದು, ಬೇಡ ಎನ್ನುವ ಭಾರ ಅವಳಿಗೇಕೆ? ಅರಿಶಿನದ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿಟ್ಟೆ. "ತಾಯೀ, ನಿನ್ನ ಮಾತು ಮೀರುತ್ತಿದ್ದೇನೆ. ಶಿಕ್ಷೆ ನನಗಿರಲಿ, ಹುಡುಗಿಗೆ ಬೇಡ" ಎಂದು ಕೈಮುಗಿದು, ಶೈಲಾಳನ್ನು ಕಾರವಾರದ ದೊಡ್ಡ ಪೊಲೀಸ್ ಸಾಹೇಬರ ಆಫೀಸಿಗೆ ಕರೆದೊಯ್ದೆ.

ಅಲ್ಲೊಬ್ಬ ಕೇಳಿದ, "ಠಾಣೆಗೆ ಒಬ್ಬಳೇ ಎಂತಕೆ ಹೋದೆ?"

"ಪೊಲೀಸ್ ಠಾಣೆ ಅಂತ ಹೋದೆ ಸರ್" ಅಂದಳು ನಿನ್ನ ಮಗಳು. ಅವನು ಪೆನ್ನು ತೆಗೆದು ದೂರು ಬರೆದುಕೊಂಡ.

ಕೈ ಹಾಕಿದವನನ್ನು ಬೇರೆ ಕಡೆ ಹಾಕಿದ್ದಾರೆ, ಅಷ್ಟೇ. ಅಲ್ಲಿ ಹೆಣ್ಣುಮಕ್ಕಳಿಲ್ಲವೇ? ಸುದ್ದಿ ತಿಳಿದು ಅರ್ಗಾದ ಹೆಂಗಸೊಬ್ಬಳು ನಮ್ಮ ಹಿತ್ತಲ ಬಾಗಿಲಿಗೆ ಬಂದು ಅತ್ತಳು: "ನಂಗೂ ಹಂಗೇ ಮಾಡಿದ್ದ. ಗಂಡಂಗೆ ಹೇಳುಕಾಗ್ಲಿಲ್ಲ." ಇನ್ನೆಷ್ಟು ಜನ ಹೀಗೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಾರೋ!

ಸೋಮವಾರ ಕಾರವಾರದಲ್ಲಿ ದೂರಿನ ವಿಚಾರಣೆ. ದೂರು ವಾಪಸು ತೆಗೆದುಕೊಂಡರೆ ಪಾಸ್‌ಪೋರ್ಟ್ ಬೇಗ ಬರುತ್ತದೆಂದು ಯಾರ್ಯಾರೋ ಫೋನು ಮಾಡುತ್ತಾರೆ. ಶೈಲಾ ಒಲ್ಲೆ ಅಂದಿದ್ದಾಳೆ. ಅವಳು ನಡುಗುತ್ತಿದ್ದುದನ್ನು ಕಣ್ಣಾರೆ ಕಂಡವನು ಅಣ್ಣನೊಬ್ಬನೇ, ಸಾಕ್ಷಿಗೆ ಮಾತ್ರ ಬರಲೊಲ್ಲ. ನನ್ನ ಮಾತು ಅವನಿಗೆ ನಾಟುವುದಿಲ್ಲ. ಅಕ್ಕಾ, ನನ್ನ ಕನಸಿಗೆ ಬರಬೇಡ, ಅವನ ಕನಸಿಗೆ ಹೋಗಿ ಹೇಳಬೇಕಾದ್ದನ್ನು ಹೇಳು. ಸೋಮವಾರ ನಿನ್ನ ಉತ್ತರವನ್ನು ಅವನೇ ಕಾರವಾರಕ್ಕೆ ತರಲಿ.

ನಿನ್ನ ತಂಗಿ